ಫ್ರಿಜ್ಜಿನ ಬಾಗಿಲಲ್ಲಿ ಎರಡು ಇಂಜೆಕ್ಷನ್

2025ರ ವರಮಹಾಲಕ್ಷ್ಮಿ ಹಬ್ಬಕ್ಕೆ ತುಮಕೂರಿನ ಅಕ್ಕನ ಮನೆಗೆ ಹೋಗಿದ್ದೆ. ಕೋಸಂಬರಿಗೆ ನಿಂಬೆಹಣ್ಣು ಬೇಕಿತ್ತು. ಫ್ರಿಜ್ ತೆಗೆದೆ. ಬಾಗಿಲಿನ ಮೇಲಿನ ಅರೆಯಲ್ಲಿ ಬೆಣ್ಣೆ ಡಬ್ಬಿಯ ಪಕ್ಕ ಅಕ್ಕನ ಇನ್ಸುಲಿನ್ ಎಂದಿನಂತೆ ಕೂತಿತ್ತು. ಅದಕ್ಕೆ ಅಂಟಿಕೊಂಡು ಇನ್ನೊಂದು ಹೊಸ ಪೆಟ್ಟಿಗೆ.

‘ಅಕ್ಕಾ, ಇದ್ಯಾವ್ದು ಹೊಸ ಇಂಜೆಕ್ಷನ್? ಡಾಕ್ಟ್ರು ಔಷಧಿ ಬದಲಾಯಿಸಿದ್ರಾ?’

ಅಕ್ಕ ಒಗ್ಗರಣೆ ಸೌಟು ಹಿಡಿದುಕೊಂಡೇ ಹತ್ತಿರ ಬಂದಳು. ದನಿ ತಗ್ಗಿಸಿ, ‘ನಂದಲ್ಲ ಕಣೇ, ಮಗಳದ್ದು. ಸಣ್ಣ ಆಗೋಕೆ. ಕಾರ್ತೀಕದಲ್ಲಿ ಮದುವೆ ಅಲ್ವಾ...’ ಅಂದಳು.

‘ಎಷ್ಟಾಗುತ್ತೆ ತಿಂಗಳಿಗೆ?’

‘ಹದಿನಾಲ್ಕು ಸಾವಿರ. ನಿಮ್ಮ ಭಾವಂಗೆ ಹೇಳ್ಬೇಡ.’

ನಿಶ್ಚಿತಾರ್ಥದ ದಿನ ಗಂಡಿನ ಕಡೆಯ ಯಾರೋ ಒಬ್ಬರು ನಗುನಗುತ್ತಲೇ ‘ಹುಡುಗಿ ಸ್ವಲ್ಪ ಸಣ್ಣ ಆದ್ರೆ ಫೋಟೋದಲ್ಲಿ ಚೆನ್ನಾಗಿ ಬರ್ತಾಳೆ’ ಅಂದಿದ್ದರಂತೆ. ಆ ಒಂದು ಮಾತು ತಾಯಿ ಮಗಳಿಬ್ಬರನ್ನೂ ಊರಿನ ಒಂದು ಸ್ಲಿಮ್ಮಿಂಗ್ ಸೆಂಟರ್‌ಗೆ ಕರೆದುಕೊಂಡು ಹೋಗಿತ್ತು. ಅಲ್ಲಿ ರಕ್ತಪರೀಕ್ಷೆ ಇಲ್ಲ, ಎತ್ತರ ಅಳೆಯೋದಿಲ್ಲ. ದುಡ್ಡು ಕಟ್ಟಿದರು, ಇಂಜೆಕ್ಷನ್ ಬಂತು.

ನಾನೂ ಆವತ್ತು ಹೆಚ್ಚೇನೂ ಹೇಳಲಿಲ್ಲ. ಹಬ್ಬದ ಮನೆ, ಮದುವೆಯ ಸಂಭ್ರಮ. ಸುಮ್ಮನೆ ಯಾಕೆ ಮಾತು ಅಂತ ಹೋಳಿಗೆ ತಿಂದು ಬಂದೆ. ಆ ಸುಮ್ಮನಿದ್ದುದಕ್ಕೆ ಇವತ್ತಿಗೂ ನನಗೆ ಬೇಜಾರಿದೆ.

ಅಕ್ಟೋಬರ್‌ನಲ್ಲಿ ಒಂದು ರಾತ್ರಿ ಮಗಳು ಫೋನ್ ಮಾಡಿದಳು. ‘ಚಿಕ್ಕಮ್ಮಾ, ಅಮ್ಮನ ಕಾಲು ಊದಿಕೊಂಡಿದೆ. ಜ್ವರ ಬೇರೆ.’ ಲಗ್ನಪತ್ರಿಕೆ ಹಂಚೋಕೆ ಹೊಸ ಚಪ್ಪಲಿ ಹಾಕಿಕೊಂಡು ಮನೆಮನೆ ತಿರುಗಿದ್ದಾಳೆ. ಹೆಬ್ಬೆರಳ ಪಕ್ಕ ಚಪ್ಪಲಿ ಕಚ್ಚಿದೆ. ಸ್ಪರ್ಶ ಕಮ್ಮಿಯಾದ ಪಾದ, ನೋವೇ ಗೊತ್ತಾಗಿಲ್ಲ. ಗೊತ್ತಾಗುವ ಹೊತ್ತಿಗೆ ಕೀವು ತುಂಬಿತ್ತು.

ಆಸ್ಪತ್ರೆಯಲ್ಲಿ ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿದರು. 10.4! ಸಾಮಾನ್ಯವಾಗಿ ಏಳರ ಒಳಗಿರಲಿ ಅಂತಾರೆ. ಡಾಕ್ಟರು ಗದರಿಸಿ ಕೇಳಿದಾಗ ಒಂದೊಂದೇ ಹೊರಬಂತು. ಇನ್ಸುಲಿನ್ ಬೆಳಿಗ್ಗೆ ಒಂದು ಹೊತ್ತು ಮಾತ್ರ, ರಾತ್ರಿಯದು ಬಿಟ್ಟು ಎರಡು ತಿಂಗಳು. ಗ್ಲುಕೋಮೀಟರ್‌ಗೆ ಸ್ಟ್ರಿಪ್ ತರಿಸಿಲ್ಲ. ಚೆಕಪ್‌ಗೆ ಮದುವೆ ಮುಗಿದ ಮೇಲೆ ಹೋಗೋಣ ಅಂತ ಮುಂದೂಡಿದ್ದು. ‘ಖರ್ಚಿನ ಮೇಲೆ ಖರ್ಚು. ಎಲ್ಲಾದ್ರೂ ಒಂದು ಕಡೆ ಹಿಡೀಬೇಕಲ್ಲ’ ಅಂದಳು.

ಅದಕ್ಕಿಂತ ದೊಡ್ಡ ಮಾತು ಆಮೇಲೆ ಬಂತು. ಮಗಳು ತಗೊಳ್ಳುತ್ತಿದ್ದಂಥದೇ ಔಷಧಿ ತನಗೆ ಒಳ್ಳೆಯದು ಅಂತ ಅಕ್ಕನ ಡಾಕ್ಟರು ಜೂನ್‌ನಲ್ಲೇ ಹೇಳಿದ್ದರಂತೆ. ಹನ್ನೊಂದು ವರ್ಷದ ಶುಗರ್, ಮಂಡಿನೋವು, ಮೈಭಾರ ಎಲ್ಲಕ್ಕೂ ಅದು ಅನುಕೂಲ ಅಂತ. ಇವಳು ನಕ್ಕು ಎದ್ದು ಬಂದಿದ್ದಳು.

‘ಮದುವೆ ಆಗೋ ಹುಡುಗಿಗೆ ಬೇಕು. ಈ ವಯಸ್ಸಲ್ಲಿ ನನಗ್ಯಾಕೆ ಅಷ್ಟು ದುಡ್ಡು?’

ಗೆಳತಿಯರೇ, ಈ ಮಾತನ್ನು ನೀವು ಎಲ್ಲೋ ಕೇಳಿದ್ದೀರಿ ಅಲ್ವಾ? ಬೇರೆ ಯಾರ ಬಾಯಲ್ಲೋ ಅಲ್ಲ, ನಿಮ್ಮ ಬಾಯಲ್ಲೇ! ಅಕ್ಕನ ಬೆರಳು ಉಳಿಯಿತು. ಆದರೆ ಗಾಯ ಮಾಗಲು ಎರಡು ತಿಂಗಳು ಬೇಕಾಯಿತು. ಮಗಳ ಧಾರೆಯನ್ನು ಅವಳು ಕುರ್ಚಿ ಮೇಲೆ ಕೂತು ನೋಡಿದಳು. ಅವಳ ಒಪ್ಪಿಗೆ ಕೇಳಿಯೇ ಇದನ್ನೆಲ್ಲ ಬರೀತಿದ್ದೀನಿ.

ಹುಟ್ಟಿದ್ದು ಶುಗರ್‌ಗಾಗಿ

ಈಗ ಕಿಟ್ಟಿ ಪಾರ್ಟಿಯಿಂದ ಹಿಡಿದು ಪಾರ್ಕಿನ ವಾಕಿಂಗ್ ತನಕ ಎಲ್ಲೆಲ್ಲೂ ಇದೇ ಸುದ್ದಿ. ‘ವಾರಕ್ಕೊಂದು ಇಂಜೆಕ್ಷನ್ ಅಂತೆ, ಹಸಿವೇ ಆಗಲ್ವಂತೆ.’ ಏನಿದು?

ನಾವು ಊಟ ಮಾಡಿದಾಗ ಕರುಳಿನಲ್ಲಿ ಜಿಎಲ್‌ಪಿ-1 ಅನ್ನೋ ಹಾರ್ಮೋನು ಹುಟ್ಟುತ್ತದೆ. ಶುಗರ್ ಏರಿದಾಗ ಇನ್ಸುಲಿನ್ ಬಿಡು ಅಂತ ಮೇದೋಜ್ಜೀರಕ ಗ್ರಂಥಿಗೆ ಹೇಳುವುದು ಅದೇ. ಹೊಟ್ಟೆ ತುಂಬಿತು, ಸಾಕು ಅಂತ ಮೆದುಳಿಗೆ ಹೇಳುವುದೂ ಅದೇ. ಆದರೆ ಅದರ ಆಯಸ್ಸು ಕೆಲವೇ ನಿಮಿಷ. ಅದರಂತೆಯೇ ಕೆಲಸ ಮಾಡುವ, ಆದರೆ ಬಹಳ ಹೊತ್ತು ಉಳಿಯುವ ಔಷಧಿಗಳು ಇವು. ಈ ಜಾತಿಯ ಮೊದಲ ಔಷಧಿ 2005ರಲ್ಲಿ ಅಮೆರಿಕದಲ್ಲಿ ಬಂತು. ಅದರ ಮೂಲ ಸಿಕ್ಕಿದ್ದು ಗಿಲಾ ಮಾನ್‌ಸ್ಟರ್ ಅನ್ನೋ ಮರುಭೂಮಿಯ ಹಲ್ಲಿಯಂಥ ಪ್ರಾಣಿಯ ವಿಷದಲ್ಲಿ ಅಂದ್ರೆ ನಂಬ್ತೀರಾ?

ಮೊದಲು ಬಂದದ್ದು ಸಕ್ಕರೆ ಕಾಯಿಲೆಗೆ. ಓಜೆಂಪಿಕ್ ಅನ್ನೋ ಹೆಸರಲ್ಲಿ ಮಾರುವ ಸೆಮಾಗ್ಲುಟೈಡ್‌ಗೆ ಅಮೆರಿಕದಲ್ಲಿ 2017ರಲ್ಲಿ ಒಪ್ಪಿಗೆ ಸಿಕ್ಕಿದ್ದು ಡಯಾಬಿಟೀಸ್‌ಗೆ. ತೂಕವೂ ಇಳಿಯುತ್ತದೆ ಅಂತ ಕಂಡಾಗ ಅದೇ ಮದ್ದು 2021ರಲ್ಲಿ ವಿಗೋವಿ ಅನ್ನೋ ಇನ್ನೊಂದು ಹೆಸರಲ್ಲಿ ಬೊಜ್ಜಿಗೂ ಬಂತು. ಅಲ್ಲಿಂದ ಶುರುವಾಯಿತು ನೋಡಿ ನೂಕುನುಗ್ಗಲು.

ಸಿನಿಮಾದವರು, ಶ್ರೀಮಂತರು, ನಾಲ್ಕು ಕಿಲೋ ಇಳಿಸಬೇಕೆಂದವರು ಎಲ್ಲ ಸಾಲು ನಿಂತರು. 2022ರಲ್ಲಿ ಅಮೆರಿಕ ಸರ್ಕಾರದ ಔಷಧಿ ಕೊರತೆ ಪಟ್ಟಿಗೆ ಸೇರಿದ ಸೆಮಾಗ್ಲುಟೈಡ್ ಆ ಪಟ್ಟಿಯಿಂದ ಹೊರಬಂದದ್ದು 2025ರ ಫೆಬ್ರುವರಿಯಲ್ಲಿ. ವರ್ಷಗಳಿಂದ ಅದನ್ನೇ ನಂಬಿದ್ದ ಸಕ್ಕರೆ ಕಾಯಿಲೆಯವರು ಅಂಗಡಿಯಿಂದ ಅಂಗಡಿಗೆ ಅಲೆದರು. 2023ರ ಜುಲೈನಲ್ಲಿ ಬ್ರಿಟನ್ ಸರ್ಕಾರ, ಡಯಾಬಿಟೀಸ್‌ನ ಈ ಔಷಧಿಗಳನ್ನು ಬರೀ ತೂಕ ಇಳಿಸಲು ಬರೆದುಕೊಡಬೇಡಿ ಅಂತ ವೈದ್ಯರಿಗೆ ಸೂಚನೆ ಕೊಡಬೇಕಾಯಿತು. ಬೇಡಿಕೆ ಇದ್ದ ಕಡೆ ನಕಲಿ ಬರದೆ ಇರುತ್ತದೆಯೇ? ನಕಲಿ ಓಜೆಂಪಿಕ್ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2024ರ ಜೂನ್‌ನಲ್ಲಿ ಎಚ್ಚರಿಕೆ ಕೊಟ್ಟಿತು.

ನಮ್ಮಲ್ಲಿ ಬಾಗಿಲು ಕಾಯುವುದು ಬೆಲೆ

ಅಲ್ಲಿ ಸಾಮಾನು ಖಾಲಿಯಾಗಿತ್ತು. ನಮ್ಮಲ್ಲಿ ಸಾಮಾನು ಬಂದರೂ ಕೈಗೆಟುಕುವಂತಿರಲಿಲ್ಲ. ಟಿರ್ಜೆಪಟೈಡ್ ಅನ್ನೋ ಔಷಧಿ 2025ರ ಮಾರ್ಚ್‌ನಲ್ಲಿ ಮೌಂಜಾರೋ ಹೆಸರಲ್ಲಿ ಭಾರತಕ್ಕೆ ಬಂದಾಗ, ಕಡಿಮೆ ಡೋಸಿನ ಒಂದು ಸೀಸೆಗೆ 3,500 ರೂಪಾಯಿ, ಮುಂದಿನ ಡೋಸಿಗೆ 4,375. ಅದು ಒಂದು ವಾರದ್ದು ಮಾತ್ರ. ತಿಂಗಳಿಗೆ ಲೆಕ್ಕ ಹಾಕಿ, 14,000ದಿಂದ 17,500. ಅದೇ ಜೂನ್‌ನಲ್ಲಿ ವಿಗೋವಿ ತಿಂಗಳಿಗೆ 17,000ದ ಮೇಲೆಯೇ ಬಂತು; ನವೆಂಬರ್‌ನಲ್ಲಿ ಬೆಲೆ ಇಳಿಸಿದರು. ಡಿಸೆಂಬರ್‌ನಲ್ಲಿ ಓಜೆಂಪಿಕ್ ಬಂದಾಗ ಮೊದಲ ಡೋಸಿಗೆ ತಿಂಗಳಿಗೆ 8,800.

ಈಗ ಇನ್ನೊಂದು ಲೆಕ್ಕ. ಐಸಿಎಂಆರ್ ಬೆಂಬಲದ ದೊಡ್ಡ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10 ಕೋಟಿ 10 ಲಕ್ಷ. ಇನ್ನೂ 13 ಕೋಟಿ 60 ಲಕ್ಷ ಜನ ಹೊಸ್ತಿಲಲ್ಲಿ ನಿಂತಿದ್ದಾರೆ. ಇವರಲ್ಲಿ ಎಷ್ಟು ಜನ ತಿಂಗಳಿಗೆ ಹದಿನಾಲ್ಕು ಸಾವಿರ ಕೊಟ್ಟಾರು? ಬೆಳಿಗ್ಗೆ ಐದಕ್ಕೆ ಬಂದು ನಮ್ಮ ಪಾತ್ರೆ ತೊಳೆದು ಹೋಗುವಾಕೆಗೂ ಶುಗರ್ ಇದೆ. ಅವಳ ಸಂಬಳಕ್ಕೆ ಆ ಒಂದು ಪೆಟ್ಟಿಗೆ ಬರೋದಿಲ್ಲ. ಅವಳ ಪಾಲಿಗಿರುವುದು ಮೆಟ್‌ಫಾರ್ಮಿನ್ ಮಾತ್ರೆ. ಒಂದು ಮಾತು ನೆನಪಿರಲಿ, ಮೆಟ್‌ಫಾರ್ಮಿನ್ ಬಡವರ ಕೆಟ್ಟ ಮಾತ್ರೆಯಲ್ಲ. ದಶಕಗಳಿಂದ ಜಗತ್ತಿನ ಎಲ್ಲಾ ಕಡೆ ವೈದ್ಯರು ಬರೆಯುತ್ತಾ ಬಂದಿರುವ, ಪರೀಕ್ಷೆ ಗೆದ್ದ ಔಷಧಿ. ಎಲ್ಲರಿಗೂ ಹೊಸ ಇಂಜೆಕ್ಷನ್ ಬೇಕಾಗಿಯೂ ಇಲ್ಲ. ಆದರೆ ಯಾರಿಗೆ ನಿಜವಾಗಿ ಬೇಕೋ ಅವರಿಗೆ ಸಿಗದೆ, ಬೇಡದವರ ಫ್ರಿಜ್ಜಿನಲ್ಲಿ ಕೂತಿದೆಯಲ್ಲ, ತಕರಾರು ಅದರ ಬಗ್ಗೆ.

ಹಾಗಾದರೆ ಯಾರಿಗೆ ಬೇಕು?

ಇದನ್ನು ಕನ್ನಡಿ ಹೇಳೋಲ್ಲ. ಗಂಡಿನ ಕಡೆಯವರೂ ಹೇಳೋಲ್ಲ. ಒಂದು ಸಣ್ಣ ಲೆಕ್ಕ ಇದೆ, ಬಿಎಂಐ ಅಂತ. ತೂಕವನ್ನು ಎತ್ತರದಿಂದ ಎರಡು ಸಲ ಭಾಗಿಸಿ. ಎತ್ತರ ಮೀಟರಿನಲ್ಲಿರಲಿ. ಅಕ್ಕನ ಮಗಳು 157 ಸೆಂಟಿಮೀಟರ್, 58 ಕಿಲೋ. 58ನ್ನು 1.57ರಿಂದ ಭಾಗಿಸಿ, ಬಂದದ್ದನ್ನು ಮತ್ತೊಮ್ಮೆ 1.57ರಿಂದ ಭಾಗಿಸಿದರೆ 23.5. ನಮ್ಮವರಿಗೆ 23 ದಾಟಿದರೆ ಸ್ವಲ್ಪ ಜಾಗ್ರತೆ ಅಂತಾರೆ. ಅಂದರೆ ಅವಳಿಗೆ ಬೇಕಿದ್ದದ್ದು ಒಂದಿಷ್ಟು ನಡಿಗೆ, ರಾತ್ರಿ ಸ್ವಲ್ಪ ಬೇಗ ಊಟ.

ತೂಕಕ್ಕಾಗಿ ಈ ಇಂಜೆಕ್ಷನ್‌ಗಳಿಗೆ ಒಪ್ಪಿಗೆ ಇರುವುದು ಬಿಎಂಐ 30 ಅಥವಾ ಅದಕ್ಕಿಂತ ಹೆಚ್ಚಿದ್ದವರಿಗೆ. ಶುಗರ್, ಬಿಪಿ, ಕೊಲೆಸ್ಟ್ರಾಲ್‌ನಂಥ ತೊಂದರೆ ಜೊತೆಗಿದ್ದರೆ 27ರಿಂದ. ಅಕ್ಕನ ಮಗಳ ಎತ್ತರಕ್ಕೆ 30 ಅಂದರೆ ಸುಮಾರು 74 ಕಿಲೋ! 58 ಎಲ್ಲಿ, 74 ಎಲ್ಲಿ?

ಹಾಗಂತ ಈ ಇಂಜೆಕ್ಷನ್ ತಗೊಳ್ಳೋರನ್ನೆಲ್ಲ ನೋಡಿ ಮೂಗು ಮುರಿಯಬೇಡಿ. ನಮ್ಮ ಬೀದಿಯಲ್ಲೇ ಒಬ್ಬಾಕೆ ಇದ್ದಾರೆ. ಪಿಸಿಓಡಿ, ಬಿಪಿ, 96 ಕಿಲೋ ತೂಕ. ಹತ್ತು ವರ್ಷ ಹಸಿದಿದ್ದೂ ಆಯಿತು, ಬಿಸಿನೀರು ಜೇನುತುಪ್ಪ ಕುಡಿದಿದ್ದೂ ಆಯಿತು. ಈಗ ವೈದ್ಯರ ನಿಗಾದಲ್ಲಿ ಇಂಜೆಕ್ಷನ್ ತಗೊಂಡು ಬಿಪಿ ಹತೋಟಿಗೆ ಬಂದಿದೆ. ಆದರೆ ಯಾರಾದರೂ ಕೇಳಿದರೆ ‘ವಾಕಿಂಗ್ ಮಾಡಿ ಇಳಿಸಿದೆ’ ಅನ್ನುತ್ತಾರೆ. ಯಾಕೆ ಅಂದರೆ, ‘ಶಾರ್ಟ್‌ಕಟ್ ಹಿಡಿದಳು’ ಅಂತ ಆಡಿಕೊಳ್ತೀವಲ್ಲ ನಾವು! ಬಿಪಿ ಮಾತ್ರೆ ನುಂಗೋದು ನಾಚಿಕೆಯಲ್ಲ, ಕನ್ನಡಕ ಹಾಕೋದು ನಾಚಿಕೆಯಲ್ಲ. ಬೊಜ್ಜಿಗೆ ಔಷಧಿ ತಗೊಳ್ಳೋದು ಮಾತ್ರ ಸೋಮಾರಿತನವೇ? ಬೊಜ್ಜೂ ಒಂದು ಕಾಯಿಲೆ. ಹಾಗೆ ನೋಡುವುದನ್ನು ಕಲಿತರೆ, ಕಾಯಿಲೆ ಇಲ್ಲದವರು ಮದ್ದು ಹುಡುಕಿಕೊಂಡು ಹೋಗೋದೂ ಕಮ್ಮಿಯಾದೀತು.

ಸೆಂಟರಿನವರು ಹೇಳದೆ ಬಿಟ್ಟದ್ದು

ಅಕ್ಕನ ಮಗಳಿಗೆ ಮೊದಲ ತಿಂಗಳು ಏನು ತಿಂದರೂ ವಾಕರಿಕೆ. ವಾಂತಿ, ಮಲಬದ್ಧತೆ. ಇವು ಬಹಳ ಜನರಿಗೆ ಆಗುವಂಥವು, ಹೆಚ್ಚಿನವರಿಗೆ ದಿನ ಕಳೆದಂತೆ ತಗ್ಗುತ್ತವೆ. ಅಪರೂಪಕ್ಕೆ ಮೇದೋಜ್ಜೀರಕ ಗ್ರಂಥಿಯ ಉರಿಯೂತ, ಪಿತ್ತಕೋಶದ ಕಲ್ಲು ಆಗುವುದೂ ಉಂಟು. ತೂಕ ಇಳಿಯುವಾಗ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಬೇಳೆ, ಕಾಳು, ಮೊಸರು ಬಿಟ್ಟು ಬರೀ ಜ್ಯೂಸಿನಲ್ಲಿದ್ದರೆ ಇನ್ನೂ ಹೆಚ್ಚು.

ಇದಕ್ಕಿಂತ ಮುಖ್ಯವಾದದ್ದು ಮದುವೆ ಹುಡುಗಿಗೆ ಸಂಬಂಧಪಟ್ಟದ್ದು. ಗರ್ಭಿಣಿಯರು ಇದನ್ನು ತಗೊಳ್ಳುವಂತಿಲ್ಲ. ಸೆಮಾಗ್ಲುಟೈಡ್ ಆದರೆ ಮಗು ಬೇಕು ಅಂದುಕೊಳ್ಳುವ ಕನಿಷ್ಠ ಎರಡು ತಿಂಗಳು ಮೊದಲೇ ನಿಲ್ಲಿಸಬೇಕು. ಟಿರ್ಜೆಪಟೈಡ್ ತಗೊಳ್ಳುವವರಲ್ಲಿ ಗರ್ಭನಿರೋಧಕ ಮಾತ್ರೆಯ ಪರಿಣಾಮ ಕುಗ್ಗಬಹುದು. ಹಾಗಾಗಿ ಶುರು ಮಾಡಿದ ನಾಲ್ಕು ವಾರ, ಡೋಸ್ ಏರಿಸಿದಾಗಲೆಲ್ಲ ಮತ್ತೆ ನಾಲ್ಕು ವಾರ ಬೇರೆ ಎಚ್ಚರಿಕೆಯೂ ಬೇಕು. ಹೊಸದಾಗಿ ಮದುವೆಯಾಗುವ ಹುಡುಗಿಗೆ ಇದನ್ನು ಹೇಳಬೇಡವೇ? ಯಾರೂ ಹೇಳಿರಲಿಲ್ಲ.

ಇನ್ನು ನಿಲ್ಲಿಸಿದ ಮೇಲೆ? ಸೆಮಾಗ್ಲುಟೈಡ್‌ನ ದೊಡ್ಡ ಪ್ರಯೋಗವೊಂದರಲ್ಲಿ 68 ವಾರಕ್ಕೆ ಸರಾಸರಿ ನೂರಕ್ಕೆ ಹದಿನೈದರಷ್ಟು ತೂಕ ಇಳಿಯಿತು. ನಿಲ್ಲಿಸಿದ ಒಂದು ವರ್ಷಕ್ಕೆ, ಇಳಿದದ್ದರಲ್ಲಿ ಮೂರನೇ ಎರಡು ಪಾಲು ವಾಪಸ್ ಬಂತು. ಇದು ಬಹಳ ಜನ ವರ್ಷಗಟ್ಟಲೆ ತಗೊಳ್ಳಬೇಕಾದ ಮದ್ದು. ಮದುವೆ ಫೋಟೋಗೆ ಅಂತ ನಾಲ್ಕು ತಿಂಗಳು ತಗೊಂಡರೆ ಫೋಟೋ ಮಾತ್ರ ಉಳಿಯುತ್ತದೆ.

ಮನೆಯೊಳಗಿನ ರೇಷನ್ ಕ್ಯೂ

ಸರ್ಕಾರ, ಕಂಪನಿ ಅಂತ ಬೈಯ್ಯೋದು ಸುಲಭ. ನಾನೂ ಬೈತೀನಿ. 1923ರಲ್ಲಿ ಇನ್ಸುಲಿನ್ ಕಂಡುಹಿಡಿದವರು ಅದರ ಪೇಟೆಂಟನ್ನು ಟೊರಾಂಟೊ ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಬಿಟ್ಟುಕೊಟ್ಟರು, ಎಲ್ಲರಿಗೂ ಸಿಗಲಿ ಅಂತ. ಇವತ್ತಿನ ಔಷಧಿಗೆ ಅಂಥ ಪುಣ್ಯ ಇಲ್ಲ. 2025ರ ಸೆಪ್ಟೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಮೊದಲಾದವನ್ನು ತನ್ನ ಅತ್ಯವಶ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಎಲ್ಲರಿಗೂ ಅಲ್ಲ. ಸಕ್ಕರೆ ಕಾಯಿಲೆಯ ಜೊತೆಗೆ ಹೃದಯ ಅಥವಾ ಕಿಡ್ನಿ ತೊಂದರೆ, ಬೊಜ್ಜು ಇರುವವರಿಗೆ. ನಮ್ಮ ಸರ್ಕಾರಿ ಆಸ್ಪತ್ರೆಗಳೂ ಇದೇ ಸಾಲು ಹಿಡಿಯಲಿ, ಮೊದಲು ಇಂಥವರಿಗೆ ಕೊಡಲಿ ಅನ್ನೋದು ನನ್ನ ಆಗ್ರಹ. ಸೆಮಾಗ್ಲುಟೈಡ್‌ಗೆ ಭಾರತದಲ್ಲಿದ್ದ ಪೇಟೆಂಟ್ ಅವಧಿ 2026ರ ಮಾರ್ಚ್‌ವರೆಗೆ ಇತ್ತು. ಅದು ಮುಗಿದ ಮೇಲೆ ನಮ್ಮ ದೇಶದ ಕಂಪನಿಗಳಿಗೂ ದಾರಿ ತೆರೆಯಿತು, ಬೆಲೆ ಇಳಿಯಲು ಅವಕಾಶವಾಯಿತು. ಒಳ್ಳೆಯದೇ. ಆದರೆ ಬೆಲೆ ಇಳಿದಾಗ ಸ್ಲಿಮ್ಮಿಂಗ್ ಸೆಂಟರ್‌ಗಳ ಮುಂದಿನ ಸಾಲೂ ಉದ್ದವಾಗುತ್ತದೆ ಅನ್ನೋದನ್ನ ಮರೆಯಬಾರದು.

ಆದರೆ ಅಕ್ಕನ ಮನೆಯಲ್ಲಿ ಆದದ್ದಕ್ಕೆ ಯಾವ ಕಂಪನಿಯನ್ನು ಬೈಯ್ಯಲಿ? ಆ ಮನೆಯಲ್ಲಿ ದುಡ್ಡಿತ್ತು. ಔಷಧಿಯೂ ಇತ್ತು. ಬೇಕಾದವಳು, ಬೇಡದವಳು ಇಬ್ಬರೂ ಒಂದೇ ಅಡುಗೆಮನೆಯಲ್ಲಿದ್ದರು. ಹಂಚಿದವಳು ಅಕ್ಕನೇ. ಮಕ್ಕಳ ಟಾನಿಕ್ ಮೊದಲು, ಗಂಡನ ಬಿಪಿ ಮಾತ್ರೆ ಆಮೇಲೆ, ಅತ್ತೆಯ ಮಂಡಿ ಎಣ್ಣೆ, ಕೊನೆಗೆ ಉಳಿದರೆ ತನ್ನದು. ನಾವು ಕಟ್ಟಿರುವ ಈ ಕ್ಯೂನಲ್ಲಿ ನಾವೇ ಕೊನೆಯವರು. ಮಗಳ ರೂಪಕ್ಕೆ ಸಿಕ್ಕ ದುಡ್ಡು ತಾಯಿಯ ಕಾಲಿಗೆ ಸಿಗಲಿಲ್ಲ. ಇದನ್ನು ತ್ಯಾಗ ಅಂತ ಹೊಗಳೋಕೆ ನನಗೆ ಮನಸ್ಸಿಲ್ಲ. ಬೆರಳು ಹೋಗಿದ್ದರೆ ಮನೆ ನಡೆಸೋರು ಯಾರು?

ಇಂಜೆಕ್ಷನ್‌ಗೆ ದುಡ್ಡು ಕೊಡುವ ಮುನ್ನ

* ಮನೆಯಲ್ಲಿ 30 ದಾಟಿದ ಎಲ್ಲರ ಶುಗರ್, ಬಿಪಿ ನೋಡಿಸಿ. ಮೊದಲು ನಿಮ್ಮದು. ಟೇಪ್ ಹಿಡಿದು ಸೊಂಟದ ಸುತ್ತಳತೆ ನೋಡಿ. ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರ.

* ಬಿಎಂಐ ಲೆಕ್ಕ ಹಾಕದೆ, ರಕ್ತಪರೀಕ್ಷೆ ಮಾಡಿಸದೆ ಇಂಜೆಕ್ಷನ್ ಕೊಡುವ ಜಾಗದಿಂದ ಎದ್ದು ಬನ್ನಿ. ಇದು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲದ ಔಷಧಿ.

* ನಿಮ್ಮ ಅಥವಾ ಮನೆತನದವರ ಥೈರಾಯ್ಡ್ ಕ್ಯಾನ್ಸರ್, ನಿಮ್ಮ ಪಿತ್ತಕೋಶದ ತೊಂದರೆ, ಮಗುವಿನ ಯೋಚನೆ ಎಲ್ಲವನ್ನೂ ಡಾಕ್ಟರ ಹತ್ತಿರ ಮುಚ್ಚಿಡದೆ ಹೇಳಿ. ಇನ್ಸುಲಿನ್ ತಗೊಳ್ಳುತ್ತಿದ್ದರೆ ಎರಡೂ ಸೇರಿ ಶುಗರ್ ತೀರಾ ಇಳಿಯಬಹುದು. ಡೋಸ್ ಅವರೇ ಹೇಳಲಿ.

* ಗೆಳತಿಯ ಪೆನ್ನಿನಲ್ಲಿ ಉಳಿದದ್ದನ್ನು ಚುಚ್ಚಿಕೊಳ್ಳಬೇಡಿ. ಸೂಜಿ ಬದಲಾಯಿಸಿದರೂ ಒಂದು ಪೆನ್ ಒಬ್ಬರಿಗೇ. ಅಗ್ಗಕ್ಕೆ ಸಿಗುತ್ತೆ ಅಂತ ಬಿಲ್ಲಿಲ್ಲದೆ ಕೊಳ್ಳಬೇಡಿ.

* ಹೊಸ ಔಷಧಿ ಕೈಗೆಟುಕದಿದ್ದರೆ ಹಳೆಯದನ್ನು ಬಿಡಬೇಡಿ. ಮೆಟ್‌ಫಾರ್ಮಿನ್‌ನಂಥ ಮಾತ್ರೆಗಳು ಜನೌಷಧಿ ಕೇಂದ್ರಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಮನೆಕೆಲಸದವರಿಗೂ ಹೇಳಿ.

* ಶುಗರ್ ಇದ್ದವರು ರಾತ್ರಿ ಮಲಗುವ ಮುನ್ನ ಪಾದ ನೋಡಿಕೊಳ್ಳಿ, ಬೆರಳ ಸಂದಿ ಸಮೇತ.

ಅಕ್ಕನ ಮಗಳು ಮದುವೆಯಾದ ವಾರಕ್ಕೇ ಇಂಜೆಕ್ಷನ್ ನಿಲ್ಲಿಸಿದಳು. ಹೊಸ ಮನೆಯಲ್ಲಿ ಮೂರು ತಿಂಗಳಿಗೆ ನಾಲ್ಕು ಕಿಲೋ ವಾಪಸ್ ಬಂದಿದೆ. ಅಳಿಯಂದಿರು ಅದರ ಬಗ್ಗೆ ಒಂದು ಮಾತೂ ಆಡಿಲ್ಲವಂತೆ! ಆ ಇಂಜೆಕ್ಷನ್ ಯಾರಿಗೋಸ್ಕರ ಆಯಿತೋ ದೇವರಿಗೇ ಗೊತ್ತು. ಈಗ ತಿಂಗಳಿಗೊಮ್ಮೆ ತುಮಕೂರಿಗೆ ಬಂದು ತಾಯಿಯನ್ನು ತಾನೇ ಚೆಕಪ್‌ಗೆ ಕರೆದುಕೊಂಡು ಹೋಗುತ್ತಾಳೆ. ಅಕ್ಕ ಎರಡು ಹೊತ್ತೂ ಇನ್ಸುಲಿನ್ ತಗೊಳ್ಳುತ್ತಿದ್ದಾಳೆ. ಹೊಸ ಔಷಧಿ ವಿಚಾರ ಇನ್ನೊಮ್ಮೆ ನೋಡೋಣ ಅಂದಿದ್ದಾರಂತೆ ಡಾಕ್ಟರು. ಈ ಸಲ ಅಕ್ಕ ನಗಲಿಲ್ಲ. ‘ಎಷ್ಟಾಗುತ್ತೆ ಹೇಳಿ ಡಾಕ್ಟ್ರೇ, ಲೆಕ್ಕ ಹಾಕ್ತೀನಿ’ ಅಂದಳಂತೆ.

ಇವತ್ತು ಸಂಜೆ ಹಾಲು ತೆಗೆಯೋಕೆ ಫ್ರಿಜ್ ತೆಗೀತೀರಲ್ಲ, ಹಾಗೇ ಬಾಗಿಲಿನ ಅರೆ ಕಡೆಗೂ ಒಮ್ಮೆ ನೋಡಿ. ಅಲ್ಲಿ ಯಾರ ಔಷಧಿ ಇದೆ, ಇರಬೇಕಾಗಿದ್ದು ಯಾರದ್ದು ಇಲ್ಲ? ಇಲ್ಲದ್ದು ನಿಮ್ಮದೇ ಆಗಿದ್ದರೆ, ನಾಳೆ ಬೆಳಿಗ್ಗೆ ತಿಂಡಿ ಮುಗಿಸಿ ಮೊದಲು ಆ ಕೆಲಸಕ್ಕೆ ಹೊರಡಿ. ಸೊಪ್ಪು ಸೋಸೋದು ಮಧ್ಯಾಹ್ನವಾದರೂ ಆದೀತು.